ಕಾರ್ಡಿಲ್ಲದವರ ಇಡ್ಲಿ

ಚಿಕ್ಕಗಂಗಮ್ಮನ ಕೈ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಒಣಗುವುದೇ ಇಲ್ಲ. ಹಿಟ್ಟು, ಚಟ್ನಿ, ಸಾಂಬಾರು, ತೊಳೆದ ತಟ್ಟೆ. ಅತ್ತಿಗುಪ್ಪೆಯಲ್ಲಿ ತಳ್ಳುಗಾಡಿ ಇಟ್ಟಿದ್ದ ಒಂಬತ್ತು ವರ್ಷವೂ ಅದೇ ಒದ್ದೆ ಕೈಯಲ್ಲಿ ನೋಟು ತೆಗೆದುಕೊಂಡು ಚಿಲ್ಲರೆ ಕೊಟ್ಟವಳು. ಹೋದ ವರ್ಷ, ೨೦೦೮ರಲ್ಲಿ, ಕೆಂಗೇರಿಯಾಚೆ ಒಂದು ದೊಡ್ಡ ಕಂಪನಿಯ ಫುಡ್ ಕೋರ್ಟಿನಲ್ಲಿ ಇಡ್ಲಿ ಕೌಂಟರ್ ಸಿಕ್ಕಿತು. ಅಲ್ಲಿ ಆಕೆಗೆ ಎಲ್ಲಕ್ಕಿಂತ ಹಿಡಿಸಿದ್ದು ಕಾರ್ಡಿನ ಯಂತ್ರ.

ಹಿಡಿಸದೆ ಏನು? ಗಿರಾಕಿ ತನ್ನ ಕಾರ್ಡನ್ನು ಯಂತ್ರದ ಹತ್ತಿರ ಹಿಡಿದರೆ ಸಾಕು. ಉಜ್ಜಬೇಕಾಗಿಲ್ಲ, ಸಹಿ ಬೇಕಾಗಿಲ್ಲ, ಆಕೆಯ ಕೈಗೆ ಕೊಡುವುದೂ ಬೇಡ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಯಂತ್ರದಿಂದ ಹೊರಡುವ ಅಲೆ ತಾಗಿದರೆ ಒಳಗಿನ ಚಿಪ್ ಎಚ್ಚೆತ್ತು ತನ್ನ ನಂಬರು ಹೇಳುತ್ತದೆ. ಆ ನಂಬರಿನ ಹೆಸರಿನಲ್ಲಿ ಮೊದಲೇ ಕಟ್ಟಿಸಿಕೊಂಡ ದುಡ್ಡಿನಿಂದ ಕಂಪ್ಯೂಟರು ಪ್ಲೇಟಿಗೆ ಹತ್ತು ರೂಪಾಯಿ ಕಳೆಯುತ್ತದೆ. 'ಕೀಂಕ್' ಅಂದರೆ ಮುಗಿಯಿತು. ಚಿಲ್ಲರೆಯ ಜಗಳವಿಲ್ಲ, ಹರಕು ನೋಟಿಲ್ಲ. ಹದಿನೈದು ದಿನಕ್ಕೊಮ್ಮೆ ಕಂಪನಿಯವರು ನೂರಕ್ಕೆ ಹದಿನೈದು ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತಾರೆ. ಹದಿನೈದು ಜಾಸ್ತಿಯಾಯಿತು ಎಂದು ಆಕೆಗೆ ಅನ್ನಿಸಿತ್ತು. ಆದರೆ ಬಿಸಿಲಿಲ್ಲ, ಪೊಲೀಸರಿಲ್ಲ. ಸುಮ್ಮನಿದ್ದಳು.

ಸುಮ್ಮನಿರಲು ಆಗದ ದಿನ ಬಂದದ್ದು ದಾನಮ್ಮನಿಂದ.

ದಾನಮ್ಮ ಅದೇ ಕಟ್ಟಡ ಗುಡಿಸುವವಳು, ಸಿಂಧನೂರಿನ ಕಡೆಯವಳು. ಅವಳ ಜೊತೆ ಇನ್ನೂ ಇಪ್ಪತ್ತೆರಡು ಹೆಂಗಸರು, ಎಲ್ಲರೂ ಕಾಂಟ್ರಾಕ್ಟಿನವರು. ಆರು ಗಂಟೆಗೆ ಡ್ಯೂಟಿ, ಹತ್ತರಿಂದ ಹತ್ತೂವರೆ ವಿರಾಮ. ಗೇಟು ದಾಟಿ ಹೋಟೆಲಿಗೆ ಹೋಗಿ ಬರಲು ಆ ಅರ್ಧ ಗಂಟೆ ಸಾಲದು.

"ಅಕ್ಕಾರ, ಹತ್ತು ರೂಪಾಯಿ ತಗೋರಿ, ಒಂದು ಪ್ಲೇಟ್ ಇಡ್ಲಿ ಕೊಡ್ರಿ."

"ಇಲ್ಲಿ ದುಡ್ಡು ಮುಟ್ಟಂಗಿಲ್ಲ ಕಣಮ್ಮ. ಕಾರ್ಡ್ ಇದ್ರೆ ತಾ."

"ನಮಗೆಲ್ಲಿ ಕಾರ್ಡ್ ಕೊಟ್ಟಾರ್ರೀ? ಪೊರಕಿ ಕೊಟ್ಟಾರ."

ಇಡ್ಲಿ ಹಬೆಯಾಡುತ್ತಿದೆ, ತಿನ್ನುವವಳ ಕೈಯಲ್ಲಿ ಸರ್ಕಾರದ ನೋಟಿದೆ, ಆದರೂ ಕೊಡುವಂತಿಲ್ಲ. ಚಿಕ್ಕಗಂಗಮ್ಮ ಒಂದು ವಾರ ಮುಖ ತಿರುಗಿಸಿಕೊಂಡು ಪಾತ್ರೆ ಉಜ್ಜಿದಳು. ಎಂಟನೇ ದಿನ ಉಪಾಯ ಹೊಳೆಯಿತು. ಪ್ರತಿ ಕೌಂಟರಿನವರಿಗೂ ಅವರ ಸ್ವಂತ ಊಟಕ್ಕೆಂದು ಒಂದು ಕಾರ್ಡು ಕೊಟ್ಟಿದ್ದರು. ಅದಕ್ಕೆ ದುಡ್ಡು ತುಂಬಿಸಿಕೊಂಡು ಬಂದಳು. ಹೆಂಗಸರು ನೋಟು ಕೊಟ್ಟರೆ ಸೆರಗಿಗೆ ಹಾಕಿಕೊಂಡು, ತನ್ನ ಕಾರ್ಡನ್ನು ತನ್ನ ಯಂತ್ರಕ್ಕೆ ತಾನೇ ಹಿಡಿದಳು. ಅವರು ತಟ್ಟೆ ಒಯ್ದು ಮೆಟ್ಟಿಲ ಕೆಳಗೆ ತಿಂದರು. ಗಮನಿಸಿ, ಕಂಪನಿಯ ಹದಿನೈದರಲ್ಲಿ ಒಂದು ಪೈಸೆಯೂ ಕಮ್ಮಿಯಾಗಲಿಲ್ಲ.

ಆದರೆ ಕಂಪ್ಯೂಟರು ನಂಬರು ಮರೆಯುವುದಿಲ್ಲ. ನಾಲ್ಕನೇ ದಿನ ಫುಡ್ ಕೋರ್ಟಿನ ಮೇಲ್ವಿಚಾರಕ ಮಹದೇವ್ ಉದ್ದನೆಯ ಹಾಳೆ ಹಿಡಿದು ಬಂದ.

"ಗಂಗಮ್ಮ, ಮಂಗಳವಾರ ಒಂದೇ ಬೆಳಿಗ್ಗೆ ಇಪ್ಪತ್ತಮೂರು ಪ್ಲೇಟ್ ತಿಂದಿದೀರಲ್ಲ."

"ಹಸಿವಾಗಿತ್ತು ಸಾರ್."

"ತಮಾಷೆ ಬೇಡ. ಬುಧವಾರನೂ ಇಪ್ಪತ್ತಮೂರು. ವ್ಯಾಪಾರ ಜಾಸ್ತಿ ತೋರ್ಸೋಕೆ ನೀವೇ ಕಾರ್ಡ್ ಹಿಡಿತಾ ಇದೀರ ಅಂತಾರೆ ಮೇಲಿನೋರು."

ಮೂರು ತಿಂಗಳಿಗೊಮ್ಮೆ ಅತಿ ಕಮ್ಮಿ ವ್ಯಾಪಾರದ ಕೌಂಟರನ್ನು ಎತ್ತಿಸುವುದು ಅಲ್ಲಿನ ಪದ್ಧತಿ. ಅದಕ್ಕೇ ಈ ಅನುಮಾನ. ಚಿಕ್ಕಗಂಗಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. "ಅವ್ರಿಗೂ ಒಂದೊಂದು ಕಾರ್ಡ್ ಕೊಟ್ಬಿಡಿ ಸಾರ್. ನಂದನ್ನ ನೀವೇ ಇಟ್ಕೊಳ್ಳಿ."

ಮಹದೇವ್ ದನಿ ತಗ್ಗಿಸಿದ. "ಕಾರ್ಡ್ ಕೊಟ್ರೆ ಟೇಬಲ್‌ಗೆ ಬಂದು ಕೂತ್ಕೋತಾರೆ. ಸ್ಟಾಫ್‌ಗೆ ಸರಿಹೋಗಲ್ಲ."

"ಆ ಟೇಬಲ್ ಒರೆಸೋರು ಅವ್ರೇ ಅಲ್ವಾ?"

ಮಹದೇವ್ ಹಾಳೆ ಮಡಚಿಕೊಂಡ. ಹಿಡಿದ ಕೈ ಯಾರದೆಂದು ಆ ಯಂತ್ರ ಕೇಳುವುದಿಲ್ಲ. ಬೆರಳಿಗೆ ಉಂಗುರವಿರಲಿ, ಫಿನೈಲಿನ ವಾಸನೆಯಿರಲಿ, ಅದಕ್ಕೆ ಎರಡೂ ಒಂದೇ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಮೊದಲೇ ಆರಿಸಿಟ್ಟವರು ಮನುಷ್ಯರು. ಮೇಲು ಕೀಳಿಗೆ ಈಗ ಪ್ಲಾಸ್ಟಿಕ್ಕಿನ ತುಂಡೊಂದು ಸಿಕ್ಕಿದೆ, ಅಷ್ಟೆ.

ಮಹದೇವ್ ಕೆಟ್ಟವನಲ್ಲ. ಎರಡು ದಿನ ಮೇಲಿನವರ ಬಳಿ ಓಡಾಡಿ, ಇಪ್ಪತ್ತಮೂರು ಜನರಿಗೂ ಸೇರಿ 'ವಿಸಿಟರ್' ಎಂದು ಬರೆದ ಒಂದು ಕಾರ್ಡು ತಂದ. ಹೆಂಗಸರು ದುಡ್ಡು ಕೂಡಿಸಿ ತುಂಬಿಸಿದರು. ಮರುದಿನ ಹತ್ತೂ ಹತ್ತಕ್ಕೆ ದಾನಮ್ಮ ಅದನ್ನು ಯಂತ್ರಕ್ಕೆ ಹಿಡಿದಳು. ಯಂತ್ರ ಉದ್ದಕ್ಕೆ ಕೂಗಿ ಕೆಂಪು ದೀಪ ತೋರಿಸಿತು. ಇನ್ನೊಮ್ಮೆ ಹಿಡಿದಳು. ಮತ್ತೆ ಕೆಂಪು.

"ಹತ್ತೂವರೆ ಮೇಲೆ ಮಾತ್ರ ನಡೆಯೋ ಥರ ಸೆಟ್ ಮಾಡಿದಾರೆ," ಎಂದ ಮಹದೇವ್. "ಆಗ ಇಲ್ಲಿ ಸ್ಟಾಫ್ ಇರಲ್ಲ ನೋಡಿ."

"ಹತ್ತೂವರಿಗೆ ನಾವು ಮ್ಯಾಲ ಕಕ್ಕಸ ತೊಳೀತಿರ್ತೀವ್ರೀ ಸಾಹೇಬ್ರ," ಎಂದಳು ದಾನಮ್ಮ. ಹಿಂದೆ ನಿಂತಿದ್ದವರು ಗೋಡೆಯ ಗಡಿಯಾರ ನೋಡಿದರು.

ಚಿಕ್ಕಗಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. "ನೋಟು ತಾ ದಾನಮ್ಮ."

"ಗಂಗಮ್ಮ, ಮೂವತ್ತನೇ ತಾರೀಖು ಎತ್ತಿಸೋ ಕೌಂಟರ್ ಲಿಸ್ಟ್ ಬರುತ್ತೆ. ಯೋಚ್ನೆ ಮಾಡಿ."

"ಅದೇ ಕೆಲ್ಸ ಮಾಡ್ತಾ ಇದೀನಿ ಸಾರ್. ವಾರದಿಂದ ನಿದ್ದೆ ಇಲ್ಲ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಬಿಸಿ ತಾಗುತ್ತೆ."

ಇಪ್ಪತ್ತಮೂರು ತಟ್ಟೆ ಕೊಟ್ಟಳು, ಇಪ್ಪತ್ತಮೂರು ನೋಟು ತೆಗೆದುಕೊಂಡಳು, ಮತ್ತೆ ತನ್ನ ಕಾರ್ಡನ್ನೇ ಯಂತ್ರಕ್ಕೆ ಹಿಡಿದಳು. ಮಹದೇವ್ ನೋಡಿದ, ಬರೆದುಕೊಂಡ, ಹೋದ.

ಇದು ನಡೆದದ್ದು ಇಪ್ಪತ್ತಾರನೇ ತಾರೀಖು. ಅಂದು ಮಧ್ಯಾಹ್ನ ಆರ್‌ಪಿಸಿ ಲೇಔಟಿನ ಹಿಂದಿನ ಓಣಿಯ ಮನೆಯಲ್ಲಿ ಮರುದಿನದ ಅಕ್ಕಿ ಅಳೆಯಲು ಕೂತವಳಿಗೆ ಲೆಕ್ಕ ಕೈಗೆ ಹತ್ತಲಿಲ್ಲ. ನಾಳೆ ಕಂಪನಿಯ ಗೇಟಿನಲ್ಲೇ ತಡೆದರೆ ಹಿಟ್ಟೆಲ್ಲ ಹಾಳು. ಹೆಂಗಸರ ಪಾಲಿನ ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿದಳು. ಎದ್ದು ಬಾಗಿಲವರೆಗೆ ಹೋಗಿ ಬಂದಳು. ಮತ್ತೆ ಡಬ್ಬಿ ತೆರೆದು, ಅದೇ ಅಕ್ಕಿ ತೆಗೆದು, ನೀರಿಗೆ ಹಾಕಿದಳು.