ದೊನ್ನೆಯಲ್ಲಿ ತೇಲಿದ ಅಯಸ್ಕಾಂತ

ನಾನು ಬಿ.ಎಸ್ಸಿ. ಮಾಡಿದ್ದು ಕತ್ರಿಗುಪ್ಪೆ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ. ಫಿಸಿಕ್ಸ್ ಓದಿದೆ ಅನ್ನುವುದಕ್ಕಿಂತ ಅಲ್ಲಿದ್ದಷ್ಟು ದಿನವೂ ಮಿಮಿಕ್ರಿ ಮಾಡಿದೆ ಅಂದರೆ ಸತ್ಯಕ್ಕೆ ಹತ್ತಿರ. ಮಿಕ್ಸಿ, ಕುಕ್ಕರ್, ಸೊಪ್ಪಿನ ಗಾಡಿಯ ಮೈಕು, ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗ ಉಳಿದಿರಲಿಲ್ಲ. ವೈವಾದಲ್ಲಿ ಅದನ್ನು ಎಷ್ಟು ಕರೆದರೂ ಬರುತ್ತಿರಲಿಲ್ಲ.

ನನ್ನ ಸೂಪರ್ ಹಿಟ್ ಐಟಂ ನಮ್ಮ ಫಿಸಿಕ್ಸ್ ಮೇಡಂ. ಹುಬ್ಬಳ್ಳಿ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ರೂಮು, ದಿನಾ ಬಸ್ಸಲ್ಲಿ ನೇತಾಡಿಕೊಂಡು ಬರುತ್ತಿದ್ದರು. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಅತಿಥಿ ಅಂದಮೇಲೆ ಹೊರಡಿ ಅನ್ನುವುದು ಸುಲಭ. ಒಂದು ದಿನ ನಾನು ಬೋರ್ಡಿನ ಮುಂದೆ ನಿಂತು, ಅವರ ಹಾಗೇ ಸೆರಗು ಸಿಕ್ಕಿಸಿಕೊಳ್ಳುವ ಅಭಿನಯ ಮಾಡುತ್ತಾ, "ಹಂಗಲ್ಲೋ ತಮ್ಮಾ, ಅಯಸ್ಕಾಂತ ಬಂದ್ರ ಸೂಪರ್‌ಕಂಡಕ್ಟರ್ ಒಳಗ ಬಿಟ್ಕೊಳ್ಳಂಗಿಲ್ಲ, ಬಾಗಿಲಾ ಹಾಕತೈತಿ" ಅನ್ನುತ್ತಿದ್ದೆ. ಕ್ಲಾಸೆಲ್ಲ ನಗುತ್ತಿತ್ತು. ಕ್ಲಾಸೆಲ್ಲ ಅಂದರೆ ಒಂದು ಬೆಂಚು. ನಗು ತಟ್ಟನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ.

ಬೈಯಲಿಲ್ಲ. "ಛಲೋ ಮಾಡ್ತಿ. ಸೂಪರ್‌ಕಂಡಕ್ಟರೂ ನಿನ್ನಂಗ ಮಿಮಿಕ್ರಿ ಆರ್ಟಿಸ್ಟ್ ನೋಡು. ಅಯಸ್ಕಾಂತ ಏನು ಮಾಡತೈತೋ ಅದನ್ನ ಉಲ್ಟಾ ಮಾಡಿ ತೋರಸತೈತಿ. ಅದಕ್ಕ ಅಯಸ್ಕಾಂತ ಅದರ ಮ್ಯಾಲ ತೇಲೂದು. ಆದ್ರ ಅದು ಥಂಡಿ ಇದ್ದಾಗ ಅಷ್ಟ ಮಾಡತೈತಿ. ನಿಂದು ಬರೇ ಬಿಸಿ," ಅಂದರು.

ನಮ್ಮ ಒಂದೇ ಬೆಂಚಿನ ವಿಷಯ ಕಾಲೇಜಿನ ಸೆಕ್ರೆಟರಿ ಸಾಹೇಬರ ಕಣ್ಣಿಗೂ ಬಿದ್ದಿತ್ತು. ಅವರು ಹಳೇ ಊರಿನ ಗೌಡ್ರು. ನಮ್ಮ ಲ್ಯಾಬ್ ನಿಂತಿರೋದು ಅವರ ತಂದೆ ರಾಗಿ ಬೆಳೀತಿದ್ದ ಹೊಲದ ಮೇಲೆ. ಒಂದು ದಿನ ಲ್ಯಾಬಿಗೆ ಬಂದು, ಬಾಡಿಗೆ ಮನೆ ಖಾಲಿ ಮಾಡಿಸೋರ ಹಾಗೆ ಗೋಡೆ ಗೋಡೆ ನೋಡಿದರು. "ನೋಡೀ ಮೇಡಂ, ಇಷ್ಟು ದೊಡ್ಡ ರೂಮು, ಇಷ್ಟೇ ಹುಡುಗ್ರು. ಇದೇ ಬಿಸಿಎಗೆ ಕೊಟ್ರೆ ಕಂಪ್ಯೂಟರ್ ತುಂಬಿಸ್ತೀನಿ. ಓಪನ್ ಡೇ ದಿನ ಪಿಯು ಮಕ್ಕಳನ್ನ ಕರೀತೀವಲ್ಲ, ಅವತ್ತು ಏನಾದ್ರೂ ತೋರ್ಸಿ. ಮಕ್ಕಳು ಬಂದ್ರೆ ಸೆಕ್ಷನ್ ಇರುತ್ತೆ. ಇಲ್ಲಾಂದ್ರೆ..." ಅಂತ ಹೇಳಿ, ಲೈಟ್ ಆಫ್ ಮಾಡಿಕೊಂಡು ಹೋದರು. ನಾವು ಒಳಗೇ ಇದ್ದೆವು.

ಸೆಕ್ಷನ್ ಹೋದರೆ ನಾವು ಹೇಗೋ ಪಾಸಾಗಿ ಹೊರಗೆ ಬೀಳುತ್ತಿದ್ದೆವು. ಮೇಡಂ ಮಾತ್ರ ಊರಿಗೆ ಹೋಗಬೇಕಿತ್ತು. ಅಲ್ಲಿ ಅವರಿಗಾಗಿ ಒಬ್ಬ ವರ ಕಾಯುತ್ತಿದ್ದಾನೆ ಅನ್ನುವುದು ನಮಗೆಲ್ಲ ಗೊತ್ತಿತ್ತು. ಮೇಡಂ ಫೋನಲ್ಲಿ ಅವರಮ್ಮನ ಜೊತೆ ಆಡುವ ಜಗಳ ಮೂರನೇ ಬೆಂಚಿಗೂ ಕೇಳುತ್ತಿತ್ತು, ಮೂರನೇ ಬೆಂಚು ಖಾಲಿ ಇದ್ದರೂ.

ಮೇಡಂ ತಮ್ಮ ಗೆಳತಿಯ ಲ್ಯಾಬಿನಿಂದ ಒಂದು ಕರಿ ಬಿಲ್ಲೆ ತಂದರು. ನೋಡಲಿಕ್ಕೆ ಒಡೆದ ಹಂಚಿನ ಚೂರಿನ ಥರ. ಅದೇ ಸೂಪರ್‌ಕಂಡಕ್ಟರ್. ಸುಮ್ಮನಿದ್ದಾಗ ಯಾವ ಕೆಲಸಕ್ಕೂ ಬಾರದು, ಆ ಮಟ್ಟಿಗೆ ನನ್ನ ತಮ್ಮನೇ. ದ್ರವ ನೈಟ್ರೋಜನ್ ಸುರಿದು, ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಸಿದರೆ ಮಾತ್ರ ಮೈಯಲ್ಲಿ ಶಕ್ತಿ ಬರುತ್ತದೆ, ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ನಿಲ್ಲುತ್ತದೆ. ನೈಟ್ರೋಜನ್ ತರಲು ಸಿಕ್ಕಿದ್ದು ಒಂದು ಹಳೇ ಕ್ಯಾನು. ಅದರ ಗೋಡೆಯೊಳಗಿನ ನಿರ್ವಾತಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ತುಂಬಿಸಿದ್ದು ಮಧ್ಯಾಹ್ನದ ಹೊತ್ತಿಗೆ ಆವಿಯಾಗಿ ಹೋಗುತ್ತಿತ್ತು.

ಓಪನ್ ಡೇ ಶುಕ್ರವಾರ. ಕ್ಯಾನ್ ಬಂತು. ಶಾಮಿಯಾನದ ಕೆಳಗೆ ಪಿಯು ಮಕ್ಕಳು ಕುರ್ಚಿ ತುಂಬಾ ಕೂತರು. ಹತ್ತೂವರೆಗೆ ಶುರು. ಸೆಕ್ರೆಟರಿ ಸಾಹೇಬರು ಬಂದವರೇ ಕ್ಯಾನ್ ನೋಡಿ ನಿಂತರು.

"ಇದು ಹಸೂಗೆ ಗಬ್ಬದ ಇಂಜೆಕ್ಷನ್ ಹಾಕಕ್ಕೆ ಡಾಕ್ಟ್ರು ತರ್ತಿದ್ದ ಕ್ಯಾನಲ್ವಾ?"

"ಹೌದ್ರೀ ಸರ್, ಒಳಗಿಂದೂ ಅದ ನೈಟ್ರೋಜನ್," ಅಂದರು ಮೇಡಂ.

"ಮತ್ತೆ ಇಲ್ಲಿ ಹಸು ಯಾವ್ದು?" ಅಂತ ನಮ್ಮ ಬೆಂಚಿನ ಕಡೆ ತಿರುಗಿದರು.

ಮೇಡಂ ಥರ್ಮೊಕೋಲ್ ಡಬ್ಬಿಯಲ್ಲಿ ಬಿಲ್ಲೆ ಇಟ್ಟು, ನೈಟ್ರೋಜನ್ ಸುರಿದೇಬಿಟ್ಟರು. ಬಿಳಿ ಹೊಗೆ ಎದ್ದಿತು. ಅಷ್ಟರಲ್ಲಿ ಸಾಹೇಬರು ವಾಚ್ ನೋಡಿ ಕೈ ಎತ್ತಿದರು. "ನಿಲ್ಸಿ ನಿಲ್ಸಿ! ಹತ್ತೂವರೆ ಆಗೋಯ್ತು. ಶುಕ್ರವಾರ, ರಾಹುಕಾಲ. ಹನ್ನೆರಡು ಕಳೀಲಿ."

"ಸರ್, ಅಷ್ಟರಾಗ ಇದು ಕುದ್ದು ಹೋಗತೈತ್ರಿ."

"ಕುದೀತಾ ಇದ್ಯಾ? ತಣ್ಣಗಿದೆ ಅಂದ್ರಲ್ಲ?"

ಸೊನ್ನೆಗಿಂತ ಕೆಳಗೆ ಕುದಿಯುವ ವಸ್ತುವನ್ನು ಆ ಕ್ಷಣದಲ್ಲಿ ವಿವರಿಸುವುದಕ್ಕಿಂತ ರಾಹುವನ್ನು ಒಪ್ಪಿಕೊಳ್ಳುವುದೇ ಸುಲಭವಿತ್ತು. ಮೇಡಂ ಕ್ಯಾನಿನ ಬಾಯಿ ಮುಚ್ಚಿ, ಮೈಕನ್ನು ನನ್ನ ಕೈಗೆ ಕೊಟ್ಟು, "ಮಕ್ಕಳು ಏಳಬಾರದು, ಏನರೆ ಮಾಡು," ಅಂದರು.

ಮಾಡಿದೆ. ಮಿಕ್ಸಿಯಲ್ಲಿ ಚಟ್ನಿ ರುಬ್ಬಿದೆ, ನಡುವೆ ಕರೆಂಟ್ ತೆಗೆದೆ. ದರ್ಶಿನಿಯಲ್ಲಿ ಟೋಕನ್ ಕೂಗಿದೆ. ಬನಶಂಕರಿ ಮೆಟ್ರೋ ನಿಲ್ದಾಣದಲ್ಲಿ ಎಲ್ಲರನ್ನೂ ಇಳಿಸಿ ಮತ್ತೆ ಹತ್ತಿಸಿದೆ. ಮಕ್ಕಳು "ಗುರು, ಇನ್ನೊಂದು!" ಅಂತ ಕೂಗುತ್ತಿದ್ದರು. ಕೊನೆಗೆ ಸರಕು ಮುಗಿದು ಸೆಕ್ರೆಟರಿ ಸಾಹೇಬರನ್ನೇ ಮಾಡಿದೆ: "ಈ ರೂಮು ಬಿಸಿಎಗೆ ಕೊಟ್ರೆ ಬಾಡಿಗೆ ಚೆನ್ನಾಗಿ ಬರುತ್ತೆ!" ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಇದು ಪಕ್ಕದ ಕಾಲೇಜಿನ ಸೆಕ್ರೆಟರಿ ಅಂದುಕೊಂಡರಂತೆ.

ಹನ್ನೆರಡಾಯಿತು. ದೀಪ ಬೆಳಗಿಸಿದ್ದಾಯಿತು, ಪ್ರಾರ್ಥನೆ ಆಯಿತು. ಮೇಡಂ ಡಬ್ಬಿಗೆ ಮತ್ತೆ ನೈಟ್ರೋಜನ್ ಸುರಿದರು. ಆಗ ಸಾಹೇಬರಿಗೆ ನೆನಪಾಯಿತು, ಹೊಸ ಮಿಷಿನ್‌ಗೆ ಪೂಜೆ ಆಗಿಲ್ಲ. ಕ್ಯಾನಿಗೆ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಭಕ್ತಿಯಿಂದ ಮೂರು ಸುತ್ತು ಎತ್ತಿ, ಉರಿಯುವ ತಟ್ಟೆಯನ್ನು ತಂದು ಥರ್ಮೊಕೋಲ್ ಡಬ್ಬಿಗೆ ತಾಗಿಸಿ ಇಟ್ಟರು. ಡಬ್ಬಿಯ ಒಂದು ಗೋಡೆ ಬೆಣ್ಣೆಯಂತೆ ಕರಗಿತು. ನೈಟ್ರೋಜನ್ ಎಲ್ಲ ಹರಿದು, ಮೇಜಿನಿಂದ ನೆಲಕ್ಕೆ ಬಿಳಿ ಮೋಡ ಇಳಿಯಿತು. ಶೋ ಶುರುವಾಯಿತು ಅಂತ ಮಕ್ಕಳು ಶಿಳ್ಳೆ ಹೊಡೆದರು.

ಮೇಡಂ ಕ್ಯಾನ್ ಅಲ್ಲಾಡಿಸಿದರು. ತಳದಲ್ಲಿ ಬಡಕಲು ಸದ್ದು. ಒಂದು ಸಲ ಸುರಿಯುವಷ್ಟಿತ್ತು, ಸುರಿಯಲು ಡಬ್ಬಿ ಇರಲಿಲ್ಲ. "ಮುಗೀತಪಾ," ಅಂದರು ಮೆಲ್ಲಗೆ. ಆ ದನಿಯನ್ನು ನಾನು ಯಾವತ್ತೂ ಮಿಮಿಕ್ರಿ ಮಾಡಿರಲಿಲ್ಲ. ಮಾಡಲು ಬರುತ್ತಲೂ ಇರಲಿಲ್ಲ.

ಶಾಮಿಯಾನದ ಹಿಂದೆ ಪ್ರಸಾದಕ್ಕೆ ಕೇಸರಿಬಾತ್ ಇತ್ತು, ಅದರ ಪಕ್ಕ ದೊನ್ನೆಯ ಕಟ್ಟು. ಓಡಿಹೋಗಿ ತಂದೆ. "ಮೇಡಂ, ಎಲೆ. ಆಗುತ್ತಾ?"

ಅವರ ಕಣ್ಣು ಮತ್ತೆ ಟೀಚರ್ ಕಣ್ಣಾಯಿತು. "ಒಂದರಾಗ ಒಂದು ನಾಕು ಹಾಕು. ಅಂಚು ಹರಿದು ತಗ್ಗು ಮಾಡು, ಹಿಂದಿನವರಿಗೂ ಕಾಣ್ಬೇಕು."

ಇಕ್ಕಳದಲ್ಲಿ ಬಿಲ್ಲೆ ಹಿಡಿದು ದೊನ್ನೆಯಲ್ಲಿಟ್ಟರು. ಅದರ ಮೇಲೆ ಓಪನ್ ಡೇ ಆಹ್ವಾನ ಪತ್ರಿಕೆಯನ್ನೇ ಮಡಚಿ ಇಟ್ಟು, ಪತ್ರಿಕೆಯ ಮೇಲೆ ಅಯಸ್ಕಾಂತ. ಎರಡೂ ಕೈ ಕ್ಯಾನಿನ ಮೇಲೆ. "ಮೈಕ್‌ನಾಗ ನೀ ಹೇಳು," ಅಂದರು.

ನನ್ನ ದನಿಯಲ್ಲಿ ಶುರು ಮಾಡಿದೆ. "ಸ್ನೇಹಿತರೇ, ಸೂಪರ್‌ಕಂಡಕ್ಟಿವಿಟಿ ಎಂದರೆ..." ಅಷ್ಟೇ. ಎಂದರೆ ಏನು ಅಂತ ನನಗೇನು ಗೊತ್ತು? ಗೊತ್ತಿದ್ದುದು ಮೇಡಂಗೆ. ಹಾಗಾಗಿ ಮೇಡಂ ಆದೆ. "ನೋಡ್ರಿ ತಮ್ಮಾ, ಈ ಬಿಲ್ಲಿ ಯಾವಾಗ ಥಂಡಿ ಆಗತೈತೋ ಆ ಹೊತ್ತಿಗೆ ಅಯಸ್ಕಾಂತ ಎಲ್ಲಿತ್ತೋ, ಆ ಜಾಗಾ ಗಟ್ಟಿ ಹಿಡ್ಕೊತೈತಿ. ಒತ್ತಿದ್ರ ಮ್ಯಾಲ ನೂಕತೈತಿ, ಎತ್ತಿದ್ರ ಕೆಳಗ ಜಗ್ಗತೈತಿ. ಬಾ ಅನ್ನಂಗಿಲ್ಲ, ಹೋಗೂ ಅನ್ನಂಗಿಲ್ಲ..." ಪಾಠವೆಲ್ಲ ಗಂಟಲಿಂದ ಇಳಿದು ಬರುತ್ತಿತ್ತು. ಅಷ್ಟೂ ದಿನ ನಾನು ಅವರನ್ನು ಅಣಕಿಸುತ್ತಾ, ಗೊತ್ತಿಲ್ಲದೆ ಪಾಠ ಕೇಳಿಬಿಟ್ಟಿದ್ದೆ.

ಮೇಡಂ ತಳದಲ್ಲಿದ್ದ ನೈಟ್ರೋಜನ್ನನ್ನೆಲ್ಲ ದೊನ್ನೆಗೆ ಸುರಿದು, ಪತ್ರಿಕೆಯನ್ನು ಮೆಲ್ಲಗೆ ಎಳೆದರು. ಅಯಸ್ಕಾಂತ ಬೀಳಲಿಲ್ಲ. ಗಾಳಿಯಲ್ಲಿ ನಿಂತಿತು. ಬೆರಳು ತಾಕಿಸಿದರು, ಬುಗುರಿಯಂತೆ ತಿರುಗಿತು. ಮಕ್ಕಳ ಸದ್ದೇ ಇಲ್ಲ. ನನ್ನ ಯಾವ ಐಟಂಗೂ ಅಂಥ ಮೌನ ಸಿಕ್ಕಿರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಸಾಹೇಬರು ಬಗ್ಗಿ, ಮೇಲೆ ಕೆಳಗೆ ಕೈಯಾಡಿಸಿ ದಾರ ಹುಡುಕಿದರು. ಸಿಗಲಿಲ್ಲ. ತಟ್ಟೆಯಿಂದ ಸೇವಂತಿಗೆಯ ಒಂದು ಎಸಳು ತೆಗೆದು ಅಯಸ್ಕಾಂತದ ಮೇಲಿಟ್ಟರು. ಎಸಳನ್ನೂ ಹೊತ್ತುಕೊಂಡು ತಿರುಗಿತು. ಅವರು ಚಪ್ಪಲಿ ಬಿಟ್ಟರು.

"ಮೇಡಂ," ಅಂದರು, "ಇದ್ರ ಮೇಲೆ ಗಣೇಶ ಕೂರ್ತಾನಾ?"

"ಸಣ್ಣಾವಾದ್ರ ಕೂಡ್ತಾನ್ರೀ ಸರ್."

"ಹಂಗಾದ್ರೆ ಹಬ್ಬ ಆಗೋವರ್ಗೂ ಲ್ಯಾಬ್ ಮುಟ್ಟಲ್ಲ. ಪಕ್ಕದ ಶ್ರೀನಗರದೋರು ಹೋದ್ಸಲ ಗಣೇಶನ ಪೆಂಡಾಲ್‌ಗೆ ಲೈಟಿಂಗ್ ಮಾಡಿ ಮೆರೆದ್ರಲ್ಲ, ಈ ಸಲ ನಮ್ಮ ಪೆಂಡಾಲ್ ನೋಡ್ಲಿ!"

ಹೀಗೆ ನಮ್ಮ ಫಿಸಿಕ್ಸ್ ವಿಭಾಗದ ಹಣೆಬರಹವನ್ನು ಶ್ರೀನಗರದ ಲೈಟಿಂಗ್ ನಿರ್ಧರಿಸಿತು. ಓಪನ್ ಡೇ ನೋಡಿದ ಮಕ್ಕಳು ಇನ್ನೊಂದು ಬೆಂಚು ತುಂಬುವಷ್ಟು ಸೇರಿದರು. ಅವರಲ್ಲಿ ಅರ್ಧ ಜನ ಬಂದದ್ದು ತೇಲುವ ಅಯಸ್ಕಾಂತಕ್ಕಾ, ಮಿಕ್ಸಿಗಾ ಅಂತ ನಾನು ಕೇಳಿಲ್ಲ. ಮೇಡಂ ಕೇಳಿದ್ದಾರೆ, ನನಗೆ ಹೇಳುತ್ತಿಲ್ಲ.

ಹಬ್ಬದ ದಿನ ಕತ್ರಿಗುಪ್ಪೆಯ ಪೆಂಡಾಲಿನಲ್ಲಿ, ಆಳೆತ್ತರದ ಗಣೇಶನ ಪಾದದ ಬಳಿ, ಅಡಿಕೆ ಗಾತ್ರದ ಮಣ್ಣಿನ ಗಣೇಶ ದೊನ್ನೆಯ ಮೇಲೆ ತೇಲಿದ. ಕ್ಯೂ ಮೇನ್ ರೋಡ್ ಮುಟ್ಟಿತು. ಸಾಹೇಬರು ಜನರ ನಡುವೆ ಓಡಾಡುತ್ತಾ, "ಮುಂದಿನ ವರ್ಷ ದೊಡ್ಡದು! ನಮ್ಮ ಮೇಡಮ್ಮೋರು ಇಲ್ಲೇ ಇರ್ತಾರೆ!" ಅನ್ನುತ್ತಿದ್ದರು. ಇಳಕಲ್ ಸೀರೆ ಉಟ್ಟ ಮೇಡಂ ಪಕ್ಕದಲ್ಲಿ ನಿಂತು, ಕರ್ಪೂರದ ತಟ್ಟೆ ಹಿಡಿದವರನ್ನೆಲ್ಲ ಹಿಂದೆ ತಳ್ಳುತ್ತಿದ್ದರು. ಆ ದಿನದ ರಾಹುಕಾಲವನ್ನು ಹಿಂದಿನ ದಿನವೇ ನೋಡಿಕೊಂಡು ಕ್ಯಾನ್ ತರಿಸಿದ್ದರು.

ಒಬ್ಬರು ಆಂಟಿ ಕಣ್ಣು ಒರೆಸಿಕೊಂಡು ಕೈ ಮುಗಿದರು.

"ಇದು ಪವಾಡ ಅಲ್ರೀ ಅಕ್ಕಾರ, ಬರೇ ಫಿಸಿಕ್ಸ್," ಅಂದರು ಮೇಡಂ.

"ಹೂಂ ಕಣಮ್ಮ," ಅಂದರು ಆಂಟಿ, ಗಣೇಶನ ಕಡೆ ನೋಡುತ್ತಾ. "ಎಲ್ಲಾ ಅವನದೇ ಫಿಸಿಕ್ಸ್."

ಮೇಡಂ ನನ್ನ ಮುಖ ನೋಡಿದರು. ಆಮೇಲೆ ದೊನ್ನೆಗೆ ಇನ್ನಷ್ಟು ನೈಟ್ರೋಜನ್ ಸುರಿದರು.