ಮನೆಯವರು ಮೂರು ಸಲ ಸತ್ತ ಸಿನಿಮಾ

ನಾನು ಕಲಿತದ್ದು ಮೂರನೆಯ ಇಯತ್ತೆ. ಆ ಸಿನಿಮಾ ತಿಳಿಯದೆ ಹೋದದ್ದು ಅದಕ್ಕೇ ಅಂದುಕೊಂಡಿದ್ದೆ. ಕೇಳಿದರೆ ಕಾಲೇಜಿಗೆ ಹೋಗುವ ಮೊಮ್ಮಗಳಿಗೂ ತಿಳಿದಿರಲಿಲ್ಲ.

ನಮ್ಮ ಮನೆಯವರು ಗೌಂಡಿ ಕೆಲಸದವರು. ಕಾಂದಿವಲಿಯಲ್ಲಿ ಕೂಲಿಯವರು ಸೇರುವ ನಾಕಾದಲ್ಲಿ ಬೆಳಿಗ್ಗೆ ಗಾರೆ ಮೆತ್ತುವ ಕರಣಿ ಹಿಡಿದು ನಿಂತರೆ ಯಾರಾದರೂ ಬಂದು ಕೆಲಸಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ಬಂದ ಮುಕಾದಮ, ಕರಣಿ ಬೇಡ, ಆಳು ಬಂದರೆ ಸಾಕು ಅಂದನಂತೆ. ಮುಚ್ಚಿಹೋದ ಕಾರ್ಖಾನೆಯೊಂದರ ಬಯಲಿನಲ್ಲಿ ಯುದ್ಧದ ಸಿನಿಮಾ ತೆಗೆಯುತ್ತಿದ್ದರು. ಎಂಟು ದಿನ ಇವರ ಕೆಲಸ ಸಾಯುವುದು. ಸಂಜೆ ಕಿವಿಯ ಸಂದಿಯಲ್ಲಿ ಕೆಂಪು ಬಣ್ಣ ಉಳಿಸಿಕೊಂಡು ಬರುತ್ತಿದ್ದರು.

"ಇವತ್ತೂ ಸತ್ತು ಬಂದ್ರೇನು?" ಅಂತ ಕೇಳುತ್ತಿದ್ದೆ.

"ಎರಡು ಸಲ. ಮಕ್ಕೊಂಡ್ರ ನೀ ಬೈತಿ, ಅವರು ಪಗಾರ ಕೊಡ್ತಾರ."

ಸಿನಿಮಾ ಹೊರಬರುವ ಹೊತ್ತಿಗೆ ಅವರು ನಿಜವಾಗಿಯೂ ಸತ್ತು ವರ್ಷವಾಗಿತ್ತು. ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ, ಅದರಲ್ಲಿ ಯಾರೋ ಬೇರೆಯವರ ಹಾಗೆ ಕಾಣುತ್ತಾರೆ. ನನಗೋ ಮುಖ ಮರೆಯುತ್ತ ಬಂದಿತ್ತು. ಮೂಗು ನೆನಪಾದರೆ ಬಾಯಿ ನೆನಪಾಗುತ್ತಿರಲಿಲ್ಲ. ಇನ್ನೊಂದು ಸಲ ನೋಡಿಬಿಡಬೇಕು ಅಂತ ಮೊಮ್ಮಗಳನ್ನು ಕರೆದುಕೊಂಡು ಸಯನ್ನಿನ ಥೇಟರಿಗೆ ಮಧ್ಯಾಹ್ನದ ಆಟಕ್ಕೆ ಹೋದೆ. ಒಳಗೆ ಏಳೆಂಟು ಜನ, ಅವರಲ್ಲಿ ಇಬ್ಬರು ಎಸಿ ಗಾಳಿಗೆ ಮಲಗಲು ಬಂದವರು.

ಯಾರು ಯಾರ ಮೇಲೆ ಗುಂಡು ಹಾರಿಸುತ್ತಾರೆ ತಿಳಿಯಲಿಲ್ಲ. ಗಡ್ಡ ಇದ್ದಾಗ ಹೀರೋ ಒಂದು ದೇಶದವನು, ಬೋಳಿಸಿದ ಮೇಲೆ ಇನ್ನೊಂದರವನು. ಮುರಿದುಬಿದ್ದ ಸೇತುವೆಯ ಮೇಲೇ ಸ್ವಲ್ಪ ಹೊತ್ತಿಗೆ ಜೀಪು ಹೋಯಿತು.

ಹಸಿರು ಬಟ್ಟೆಯ ಸೈನಿಕರು ಓಡಿಬಂದರು. ಒಬ್ಬ ಎಡಗಾಲು ಎಳೆಯುತ್ತಿದ್ದ. ಕಟ್ಟಡಕ್ಕೆ ಕಟ್ಟಿದ ಪರಾಂಚಿಯಿಂದ ಬಿದ್ದು ಮುರಿದಿದ್ದ ಇವರ ಕಾಲು, ನನಗೆ ಗುರುತು ಸಿಗದೆ ಇರುತ್ತದೆಯೆ. ಗುಂಡು ಬಿತ್ತು, ಬೋರಲು ಬಿದ್ದರು. ಮುಖ ಕಾಣಲಿಲ್ಲ.

ಆಮೇಲೆ ಖಾಕಿಯ ವೈರಿಗಳು ಬಂದರು. ಅಲ್ಲೂ ಅದೇ ಕಾಲು. ಬೋರಲು ಬಿದ್ದಿದ್ದ ಹಸಿರು ಬಟ್ಟೆಯ ಹೆಣವನ್ನು ದಾಟಿಕೊಂಡು ಹೋದರು. ತಮ್ಮ ಹೆಣವನ್ನು ತಾವೇ ದಾಟಿದರು. ಮುಂದೆ ಹೋಗಿ ಖಾಕಿಯಲ್ಲೂ ಸತ್ತರು, ಬೆನ್ನು ತೋರಿಸಿಕೊಂಡು.

"ಅಜ್ಜಿ, ದೋನೋ ಕಡೆ ಅಜ್ಜಾನೇ ಇದ್ದಾನೆ," ಅಂದಳು ಮೊಮ್ಮಗಳು. "ಬಕ್ವಾಸ್ ಪಿಚ್ಚರ್. ಹೋಗೋಣ ಕ್ಯಾ?"

"ಮುಖ ಕಂಡಿಲ್ಲ. ಸುಮ್ನ ಕೂಡು."

ಕೊನೆಗೆ ಹೆಣಗಳ ಬಯಲು. ಸಾಲಾಗಿ ಒಂದೊಂದೇ ಮುಖ ತೋರಿಸುತ್ತ ಹೋದರು. ಎಲ್ಲರದೂ ಕಣ್ಣು ಮುಚ್ಚಿತ್ತು. ಆರನೆಯದೋ ಏಳನೆಯದೋ ಇವರು. ಮೂಗು, ಬಾಯಿ, ಕೆನ್ನೆಯ ಮೇಲಿನ ಸುಣ್ಣದ ಕಲೆ, ಎಲ್ಲ ಒಟ್ಟಿಗೆ. ಕಣ್ಣು ಮಾತ್ರ ತೆರೆದಿತ್ತು. ನೇರ ನನ್ನನ್ನೇ ನೋಡುತ್ತಿದ್ದರು.

ಮನೆಯಲ್ಲಿ ಸತ್ತಾಗಲೂ ಹೀಗೇ. ಎರಡು ಸಲ ಮುಚ್ಚಿದರೂ ತೆರೆದುಕೊಂಡಿತ್ತು. ಮೂರನೆಯ ಸಲ ಬೆರಳು ಒದ್ದೆ ಮಾಡಿಕೊಂಡು ರೆಪ್ಪೆ ಒತ್ತಿ ಹಿಡಿದಿದ್ದೆ.

ಥೇಟರಿನಲ್ಲೂ ನನ್ನ ಕೈ ತಾನಾಗಿ ಎದ್ದಿತು, ಎರಡು ಬೆರಳು ಮುಂದೆ ಮಾಡಿಕೊಂಡು. ಪರದೆಯ ಮೇಲೆ ರೆಪ್ಪೆ ನಿಧಾನ ಇಳಿದು ಮುಚ್ಚಿತು.

ಮೊಮ್ಮಗಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಲೋಕಲ್‌ನಲ್ಲಿ ಕೂತ ಮೇಲೆ ಕೇಳಿದಳು, "ಅಜ್ಜಿ, ಅಜ್ಜಂದು ಆಂಖ್ ಮೊದಲಿಂದ ಮುಚ್ಚಿತ್ತಲ್ಲಾ? ನೀನು ಕೈ ಯಾಕೆ ಎತ್ತಿದೆ?"

ನಾನು ಆ ಎರಡು ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಈಗ ಮುಖ ಪೂರ್ತಿ ನೆನಪಿದೆ. ನೋಡಬೇಕು ಅಂದದ್ದು ನಾನೇ. ಆದರೆ ನೆನಪಾದಾಗೆಲ್ಲ ಕಣ್ಣು ತೆರೆದೇ ಇರುತ್ತದೆ, ಮುಚ್ಚಲು ಬರುವುದಿಲ್ಲ.