ಹಿಡಿ ಹುಲ್ಲು

ಕೊರ್ಬೀನಿಯನ್‌ಗೆ ಅವನ ಅಪ್ಪ ಬಿಟ್ಟುಹೋದದ್ದು ಒಂದು ಕೋವಿ, ಎರಡು ಪಾಠ. ಮೇ ತಿಂಗಳಲ್ಲಿ ಹುಲ್ಲು ಕೊಯ್ಯುವ ಮುಂಚೆ ಹುಲ್ಲುಗಾವಲಿನಲ್ಲಿ ಜಿಂಕೆಮರಿ ಕಂಡರೆ, ಕೈಗೆ ಹುಲ್ಲು ತಿಕ್ಕಿಕೊಳ್ಳದೆ ಮುಟ್ಟಬೇಡ; ಮನುಷ್ಯರ ವಾಸನೆ ಹತ್ತಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ. ಅಕ್ಟೋಬರಿನಲ್ಲಿ ಜಿಂಕೆ ಹೊಡೆದರೆ, ಅದರ ಬಾಯಿಗೆ ಒಂದಿಷ್ಟು ಹಸಿರು ಇಡದೆ ಹೊತ್ತುಕೊಂಡು ಬರಬೇಡ. ಅದು ಅದರ ಕೊನೆಯ ತುತ್ತು. ಎರಡನ್ನೂ ಅವನು ತಪ್ಪದೆ ನಡೆಸಿಕೊಂಡು ಬಂದಿದ್ದ. ವಸಂತದಲ್ಲಿ ಕಾಯುವ ಕೈಯೇ ಚಳಿಗಾಲದ ಹೊಸ್ತಿಲಲ್ಲಿ ಕೊಲ್ಲುತ್ತದಲ್ಲ ಎಂದು ಅವನಿಗಾಗಲಿ ಬವೇರಿಯದ ಆ ಹಳ್ಳಿಗಾಗಲಿ ಎಂದೂ ವಿಚಿತ್ರವೆನಿಸಿರಲಿಲ್ಲ. ಕಾಡು ನೋಡಿಕೊಳ್ಳುವುದೆಂದರೆ ಎರಡೂ ಸೇರಿಯೇ.

ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಮಾತು ಕಡಿಮೆ. ಯಾರಾದರೂ ಹೊಗಳಿದರೆ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಹೊಗಳುವವರೂ ಅಷ್ಟರಲ್ಲೇ ಇದ್ದರೆನ್ನಿ, ವೀಬ್ಕೆ ಬರುವ ತನಕ.

ವೀಬ್ಕೆ ಉತ್ತರದ ಕಡಲೂರಿನವಳು, ಇಲ್ಲಿಯ ಬೇಕರಿ ಮನೆಗೆ ಸೊಸೆಯಾಗಿ ಬಂದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಆ ವರ್ಷದ ಮೇ ತಿಂಗಳಲ್ಲಿ ರೈತ ಕಿಲಿಯಾನನ ಹುಲ್ಲುಗಾವಲು ಕೊಯ್ಯುವ ದಿನ, ಮರಿ ಹುಡುಕುವವರ ಸಾಲಿನಲ್ಲಿ ಅವಳೂ ನಿಂತಳು. ಬೆಳಗಿನ ಇಬ್ಬನಿಯಲ್ಲಿ ಎಲ್ಲರೂ ತೋಳಳತೆಗೆ ಒಬ್ಬರಂತೆ ನಡೆದರು. ಕೊಯ್ಯುವ ಯಂತ್ರ ಎಷ್ಟೇ ಅಬ್ಬರಿಸಿಕೊಂಡು ಬರಲಿ, ಎಳೆಮರಿ ಓಡುವುದಿಲ್ಲ. ನೆಲಕ್ಕೆ ಕಚ್ಚಿಕೊಂಡು ಮಲಗುತ್ತದೆ. ವೀಬ್ಕೆಯ ಕಾಲ ಬುಡದಲ್ಲೇ ಒಂದು ಹಾಗೆ ಮಲಗಿತ್ತು.

"ಒಂದೇ ಒಂದ್ಸಲ ಮುಟ್ಲಾ?" ಎಂದಳು.

"ಈಗ ಬೇಡ ಕಣಮ್ಮ," ಎಂದ ಕೊರ್ಬೀನಿಯನ್.

ಅವನು ಹುಲ್ಲು ಕಿತ್ತು ಅಂಗೈಗೆ, ಮೊಣಕೈವರೆಗೂ ತಿಕ್ಕಿಕೊಂಡ. ಇನ್ನೊಂದು ಹಿಡಿ ಹುಲ್ಲು ಅಡಿಗಿಟ್ಟು ಮರಿಯನ್ನು ಎತ್ತಿ, ಕಿವಿಗೆ ಹಳದಿ ಗುರುತು ಚುಚ್ಚಿ, ಬೇಲಿಯ ನೆರಳಿನಲ್ಲಿ ಬುಟ್ಟಿಯಡಿ ಮಲಗಿಸಿದ. ಕೊಯ್ಲು ಮುಗಿದ ಮೇಲೆ ಬುಟ್ಟಿ ತೆಗೆದರೆ ತಾಯಿ ಬಂದು ಕರೆದೊಯ್ದಿತು. ಅಷ್ಟೇ ಕೆಲಸ. ಆದರೆ ಅವನು ಮರಿ ಎತ್ತಿದ್ದನ್ನು ವೀಬ್ಕೆ ಫೋಟೋ ಹಿಡಿದಿದ್ದಳು. ಮರುದಿನ ಅದು ಬೇಕರಿಯ ಗಾಜಿಗೆ ಅಂಟಿತ್ತು, ಕೆಳಗೆ ದಪ್ಪಕ್ಷರದಲ್ಲಿ: ನಮ್ಮೂರ ಜೀವರಕ್ಷಕ.

ಅಂದು ಸಂಜೆ ಅವನು ಊರ ಬಿಯರಂಗಡಿಯ ಬಾಗಿಲು ತೆರೆದದ್ದೇ ತಡ, ಕಿಲಿಯಾನ್ ಎದ್ದು ನಿಂತ. "ಬಂದ್ರಪ್ಪ ಸಂತರು! ಟೋಪಿ ತೆಗೀರೋ ಎಲ್ಲಾ. ಬಿಯರ್ ಮುಟ್ಟೋಕ್ ಮುಂಚೆ ಆಶೀರ್ವಾದ ತಗೊಳ್ರೋ!"

"ಸುಮ್ನೆ ಕೂತ್ಕೊಳೋ, ಕತ್ತೆ," ಎಂದ ಕೊರ್ಬೀನಿಯನ್. ಬೈದನೇ ಹೊರತು ಮುಖ ಅರಳಿತ್ತು.

ಅರಳಲಿ, ತಪ್ಪೇನು? ಅರವತ್ತು ದಾಟಿದವನನ್ನು ಊರು ಮೊದಲ ಸಲ ಕಣ್ಣೆತ್ತಿ ನೋಡಿತ್ತು. ಮಕ್ಕಳು ದಾರಿಯಲ್ಲಿ ಕೈ ಬೀಸುತ್ತಿದ್ದವು. ರೆಕ್ಕೆ ಮುರಿದ ಹಕ್ಕಿ, ಮುಳ್ಳುಹಂದಿಯ ಮರಿ, ಏನು ಸಿಕ್ಕರೂ ಅವನ ಬಾಗಿಲಿಗೆ ಬರುತ್ತಿತ್ತು. ಅವನಿಗೆ ಅದು ಹಿತವಾಗಿತ್ತು. ಆ ಹಿತವೇ ಅವನನ್ನು ಕೆಡಿಸಿತು.

ಜುಲೈನಲ್ಲಿ ಒಂದು ದಿನ ಬೇಕರಿಯಲ್ಲಿ ಅವನು ಬ್ರೆಡ್ಡಿಗೆ ಕಾಯುತ್ತಿದ್ದಾಗ, ಪೇಟೆಯಿಂದ ಬಂದ ಯಾರೋ ಹೆಂಗಸು ಫೋಟೋ ತೋರಿಸಿ, ಇವರು ಬೇಟೆಗಾರರಲ್ಲವೇ ಎಂದು ಕೇಳಿದಳು.

"ಬೇಟೆನಾ? ಅಯ್ಯೋ, ಅದನ್ನೆಲ್ಲ ಯಾವ ಕಾಲದಲ್ಲೋ ಬಿಟ್ಬಿಟ್ಟಿದಾರೆ!" ಎಂದಳು ವೀಬ್ಕೆ. "ಆ ಕೈ ನೋಡಿದ್ರೆ ಗೊತ್ತಾಗಲ್ವಾ?"

ಅವಳು ಬೇಕೆಂದೇ ಸುಳ್ಳು ಹೇಳಿದವಳಲ್ಲ, ಮನಸಾರೆ ನಂಬಿದ್ದಳು. ಕೊರ್ಬೀನಿಯನ್‌ಗೆ ಬಾಯಿತ್ತು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಅವನು ಒಂದು ಸಲ ಕೆಮ್ಮಿ, ಬ್ರೆಡ್ಡು ಬಗಲಿಗಿಟ್ಟುಕೊಂಡು ಮನೆಗೆ ಬಂದ.

ಆಮೇಲೆ ಸೆಪ್ಟೆಂಬರ್ ಬಂತು, ಬೇಟೆಯ ಕಾಲ. ಕೋವಿ ಕಪಾಟಿನಲ್ಲೇ ಉಳಿಯಿತು. ಕಿಲಿಯಾನ್ ಮನೆತನಕ ಬಂದು ಕೇಳಿದ: "ಏನ್ ಮಾರಾಯಾ, ನಾನು ನೆಟ್ಟ ಸಸಿಗಳನ್ನೆಲ್ಲ ನಿನ್ನ ಜಿಂಕೆ ಮಕ್ಕಳು ಮೇಯ್ತಾ ಇವೆ. ಚರ್ಚಿನ ಹಬ್ಬ ಬೇರೆ ಬಂತು. ಈ ಸಲ ಜಿಂಕೆ ಮಾಂಸ ಇಲ್ದೆ ಬರೀ ಎಲೆಕೋಸು ತಿನ್ನೋದಾ?"

"ಮಂಡಿ ನೋವು ಕಣೋ."

"ಮಂಡಿ ನೋವೋ, ಫೋಟೋ ನೋವೋ?"

ಕೊರ್ಬೀನಿಯನ್ ತನ್ನ ಬೂಟು ನೋಡಿಕೊಂಡ. ಜೀವರಕ್ಷಕ ಎಂಬ ಹೆಸರು ಇನ್ನೊಬ್ಬರು ಹೊಲಿದುಕೊಟ್ಟ ಅಂಗಿ. ಚೆನ್ನಾಗಿ ಕಾಣುತ್ತಿತ್ತು, ಆದರೆ ತೋಳೆತ್ತಲು ಬಿಡುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮುಂಜಾನೆ ಫೋನು ಬಂತು. ವೀಬ್ಕೆ. ಅಳುತ್ತಿದ್ದಳು. ಬ್ರೆಡ್ಡು ಹಂಚಲು ಹೊರಟ ಅವಳ ವ್ಯಾನಿಗೆ, ಕಾಡಿನ ತಿರುವಿನಲ್ಲಿ ಮಂಜಿನೊಳಗಿಂದ ಒಂದು ಜಿಂಕೆ ಹಾರಿ ಬಡಿದಿತ್ತು.

ಅವನು ಕಪಾಟು ತೆರೆದ. ಕೋವಿ ತೆಗೆದುಕೊಂಡು ಜೀಪು ಹತ್ತಿದ.

ರಸ್ತೆಯಂಚಿನಲ್ಲಿ ಮಲಗಿದ್ದದ್ದು ಈ ವರ್ಷದ ಮರಿ. ಕಿವಿಯಲ್ಲಿ ಹಳದಿ ಗುರುತು. ಮುಂಗಾಲೂರಿ ಏಳಲು ನೋಡುತ್ತಿತ್ತು. ಸೊಂಟದಿಂದ ಹಿಂದಕ್ಕೆ ಏನೂ ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ವೀಬ್ಕೆ ಮಂಡಿಯೂರಿದ್ದಳು. ಅವಳ ಕೈಗಳು ಮೊಣಕೈವರೆಗೂ ಹಸಿರಾಗಿದ್ದವು. ಮುಷ್ಟಿಯಲ್ಲಿ ಇನ್ನೂ ಒಂದಿಷ್ಟು ಒದ್ದೆ ಹುಲ್ಲು.

"ನಾನು ಮುಟ್ಟಿಲ್ಲ, ದೇವರಾಣೆ ಮುಟ್ಟಿಲ್ಲ. ತಗೊಳಿ, ಇದು ನಿಮ್ ಕೈಗೆ. ಬೇಗ ತಿಕ್ಕೊಂಡು ಎತ್ತಿ. ನೀವು ಬಂದ್ರಲ್ಲ, ಇನ್ನು ಬದುಕತ್ತೆ."

ಅವನು ಬಾಗಿ ನೋಡಿದ. ಬೆನ್ನು ಮುರಿದಿತ್ತು. ಡಾಕ್ಟರ ಹತ್ತಿರ ಕರೆದೊಯ್ಯೋಣ ಎಂದು ಒಂದು ಮಾತು ಅಂದರೆ ಸಾಕಿತ್ತು. ಮರಿ ದಾರಿಯುದ್ದಕ್ಕೂ ನರಳಿ ವ್ಯಾನಿನಲ್ಲೇ ಸಾಯುತ್ತಿತ್ತು. ಅವನ ಹೆಸರು ಗಾಜಿನ ಮೇಲೆ ಹಾಗೇ ಉಳಿಯುತ್ತಿತ್ತು. ಅವಳ ಆ ನೋಟವನ್ನು ಕಳೆದುಕೊಳ್ಳಲು ಅವನಿಗೆ ನಿಜಕ್ಕೂ ಸಂಕಟವಾಯಿತು. ಆದರೆ ಮರಿಯೂ ನೋಡುತ್ತಿತ್ತು.

"ಇದು ಬದುಕಲ್ಲಮ್ಮ. ನೀನು ಹೋಗಿ ವ್ಯಾನಲ್ಲಿ ಕೂತ್ಕೋ," ಎಂದು ಜೀಪಿನಿಂದ ಕೋವಿ ಇಳಿಸಿದ.

ವೀಬ್ಕೆ ಕೋವಿಯನ್ನು ನೋಡಿದಳು, ಅವನನ್ನು ನೋಡಿದಳು. "ನೀವು... ಬಿಟ್ಟಿದೀರಲ್ವಾ?"

"ಬಿಟ್ಟಿಲ್ಲ. ಯಾವತ್ತೂ ಬಿಟ್ಟಿರ್ಲಿಲ್ಲ. ನೀನು ಹಾಗಂದ್ಕೊಂಡೆ, ನಾನು ಸುಮ್ನಿದ್ದೆ. ಕೇಳೋಕೆ ನಂಗೂ ಚೆನ್ನಾಗಿತ್ತು."

ಅವಳು ವ್ಯಾನಿಗೆ ಹೋಗಲಿಲ್ಲ. ಬೆನ್ನು ತಿರುಗಿಸಿ ಅಲ್ಲೇ ನಿಂತಳು. ಒಂದೇ ಗುಂಡು. ಕಾಡಿನ ಕಾಗೆಗಳು ಎದ್ದು ಕೂಗಿ ಮತ್ತೆ ಕೂತವು.

ಕೊರ್ಬೀನಿಯನ್ ಟೋಪಿ ತೆಗೆದ. ಮಂಡಿಯೂರಿ, ಹಿಂದಕ್ಕೆ ಕೈ ಚಾಚಿದ. "ಆ ಹುಲ್ಲು ಕೊಡು."

"ಇನ್ನೇನಕ್ಕೆ?" ಅವಳ ದನಿಯಲ್ಲಿ ಸಿಟ್ಟಿತ್ತು. ಆದರೂ ಕೊಟ್ಟಳು.

ಅವನು ಆ ಹುಲ್ಲನ್ನು ಮರಿಯ ಬಾಯಿಗೆ ಮೆಲ್ಲಗೆ ಇಟ್ಟ. "ಕೊನೇ ತುತ್ತು. ಕೊಡ್ದೆ ಕಳಿಸಬಾರದು ಅಂತ ಅಪ್ಪ ಹೇಳ್ಕೊಟ್ಟಿದ್ರು."

ವೀಬ್ಕೆ ಬಂದು ಅವನ ಪಕ್ಕ ಕೂತಳು. ಹಸಿರು ಬಳಿದ ತನ್ನ ಕೈಗಳನ್ನು ನೋಡಿಕೊಂಡಳು.

"ಈಗ ಮುಟ್ಬೋದಾ?" ಎಂದಳು.

"ಈಗ ಮುಟ್ಬೋದು ಕಣಮ್ಮ."